ದೂರು ಕೊಡುವ ಅತ್ತೆಗೂ ಒಂದು ಜಾಗ ಕೊಡಿ

ಕೌಟುಂಬಿಕ ದೂರು ವಿಭಾಗದ ಮುಖ್ಯಾಧಿಕಾರಿಗಳೇ,

ನಿಮ್ಮ ದೂರಿನ ನಮೂನೆಯಲ್ಲಿ 'ಆರೋಪಿಗಳು' ಎಂಬಲ್ಲಿ ಗಂಡ, ಅತ್ತೆ, ಮಾವ ಎಂದು ಮೊದಲೇ ಅಚ್ಚಾಗಿದೆ. ಹೆಸರು ತುಂಬುವುದಷ್ಟೇ ಬಾಕಿ. ಇಷ್ಟು ದೂರದೃಷ್ಟಿ ಬೇರೆ ಯಾವ ಇಲಾಖೆಗಿದೆ ಸ್ವಾಮಿ? ಆದರೆ ಕಳೆದ ಸೋಮವಾರ ಸೊಸೆಯ ಕೈ ಹಿಡಿದುಕೊಂಡು, ಅವಳಿಗೆ ಹೊಡೆದ ನನ್ನ ಸ್ವಂತ ಮಗನ ಮೇಲೆ ದೂರು ಕೊಡಲು ಬಂದ ನಾನು ಅದರಲ್ಲಿ ಎಲ್ಲಿ ಸಹಿ ಹಾಕಬೇಕಿತ್ತು?

ನಿಮ್ಮ ಗುಮಾಸ್ತರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಮ್ಮಾ, ಆರೋಪಿ ಕಡೆಯವ್ರು ಆ ಬೆಂಚಲ್ಲಿ ಕೂತ್ಕೊಳ್ಳಿ" ಅಂದರು.

"ಅಯ್ಯೋ, ನಾನು ಇವಳ ಕಡೆಯೋಳಪ್ಪ."

"ಹಾಗಾದ್ರೆ ತಾಯಿನಾ?"

"ಅಲ್ಲ, ಅತ್ತೆ."

"ಮತ್ತೆ? ಆ ಬೆಂಚು!"

ಕೆನ್ನೆ ಊದಿಕೊಂಡಿದ್ದ ಸೊಸೆಯೂ ನಕ್ಕುಬಿಟ್ಟಳು. ಮೂರು ಸಲ ಬೆಂಚು ಬದಲಾಯಿಸಿದ ಮೇಲೆ ತಾವು ಒಳಗೆ ಕರೆದು, "ಹೆತ್ತ ಮಗನ ಮೇಲೇ ದೂರಾ? ಮನೆಗೆ ಹೋಗಿ ಬುದ್ಧಿ ಹೇಳಿ, ಹೊಂದ್ಕೊಂಡು ಹೋಗಿ" ಎಂದು ಉಪದೇಶಿಸಿದಿರಿ. ನಮೂನೆ ಖಾಲಿಯಾಗಿಯೇ ವಾಪಸು ಬಂತು.

ನಮ್ಮ ಮನೆಯಲ್ಲಿ ಬುದ್ಧಿ ಹೇಗೆ ಕಲಿಸುತ್ತಾರೆಂದು ಸ್ವಲ್ಪ ಕೇಳಿ. ನಾನು ಹೊಲಿಗೆಯವಳು. ಹೊಲಿಗೆ ಮಿಷನ್ ನನ್ನ ಅತ್ತೆಯದು. ನನ್ನ ಗಂಡ ನನ್ನ ಮೇಲೆ ಕೈ ಎತ್ತಿದಾಗಲೆಲ್ಲ ಅತ್ತೆ ಅದನ್ನು ದಡದಡ ತುಳಿಯುತ್ತಿದ್ದರು. ನನ್ನ ಕೂಗು ಬೀದಿಗೆ ಕೇಳಬಾರದಲ್ಲ! "ಪಾಪ, ಮುದುಕಿ ಎಷ್ಟು ದುಡೀತಾರೆ" ಎಂದು ಅಕ್ಕಪಕ್ಕದವರು ಹೊಗಳುತ್ತಿದ್ದರು. ಗಂಡನೂ ಹೋದರು, ಅತ್ತೆಯೂ ಹೋದರು, ಮಿಷನ್ ಉಳಿಯಿತು. ಅದರ ಪಕ್ಕ ಕೂತು ಎಲ್ಲ ನೋಡುತ್ತಿದ್ದ ನನ್ನ ಮಗನೂ ಉಳಿದ. ಶಾಲೆಯಲ್ಲಿ ಮಗ್ಗಿ ತಲೆಗೆ ಹತ್ತದವನು ಈ ಪಾಠದಲ್ಲಿ ಒಂದಕ್ಷರ ಮರೆತಿಲ್ಲ.

ಹೋದ ಭಾನುವಾರ ಅವನು ಸೊಸೆಗೆ ಹೊಡೆದಾಗ ನನ್ನ ಕಾಲು ತಾನಾಗಿಯೇ ತುಳಿಯತೊಡಗಿತು. ಸೂಜಿಯಲ್ಲಿ ದಾರವೇ ಇರಲಿಲ್ಲ. ಐದು ವರ್ಷದ ಮೊಮ್ಮಗಳು ಕಿವಿ ಮುಚ್ಚಿಕೊಂಡು, "ಅಜ್ಜೀ, ಇನ್ನೂ ಜೋರಾಗಿ ತುಳಿ" ಅಂದಳು. ನಾಚಿಕೆಯಿಂದ ಭೂಮಿಗಿಳಿದು ಹೋದೆ. ಮಿಷನ್ ನಿಲ್ಲಿಸಿ, ಅಳತೆಕೋಲು ಹಿಡಿದು ಅವರಿಬ್ಬರ ನಡುವೆ ನಿಂತೆ. ಹೊಡೆಯಲಿಲ್ಲ, ಗಾಬರಿಯಾಗಬೇಡಿ. ಅದರಿಂದ ಮಗನಿಗೆ ಬಾಗಿಲು ತೋರಿಸಿದೆ, ಅಷ್ಟೇ. "ಅಮ್ಮಾ, ನಿನಗೇನು ತಲೆ ಕೆಟ್ಟಿದೆಯಾ?" ಅಂದ. "ಇಷ್ಟು ವರ್ಷ ಕೆಟ್ಟಿತ್ತು ಕಣೋ, ಈಗ ನೆಟ್ಟಗಾಯ್ತು" ಅಂದೆ.

ಈಗ ಅವನು ಎಲ್ಲಿಂದಲೋ ತಿಳಿದ ನಿಮ್ಮ ಉಪದೇಶವನ್ನೇ ಹಿಡಿದುಕೊಂಡು, "ಸಾಹೇಬ್ರೇ ಹೊಂದ್ಕೊಳ್ಳಿ ಅಂದಿದ್ದಾರೆ" ಎಂದು ಹೊಸ್ತಿಲಲ್ಲಿ ನಿಂತಿದ್ದಾನೆ. ಆದ್ದರಿಂದ ಬರುವ ಸೋಮವಾರ ನಮ್ಮ ದೂರು ದಾಖಲಾಗಲೇಬೇಕು. ಅತ್ತೆಗೆ ಸಹಿ ಹಾಕಲು ಜಾಗವಿಲ್ಲವೆಂದರೆ ಗೆರೆ ನಾನೇ ಎಳೆದುಕೊಡುತ್ತೇನೆ, ನಲವತ್ತು ವರ್ಷ ಬಟ್ಟೆಯ ಮೇಲೆ ಎಳೆದ ಕೈ ಇದು. ಆಮೇಲೆ ಗುಮಾಸ್ತರು ಹೇಳಿದ ಬೆಂಚಿನಲ್ಲೂ ಕೂರುತ್ತೇನೆ. ತುಳಿದ ಕಾಲು ನನ್ನದೇ ತಾನೇ? ಮೊಮ್ಮಗಳ ಕಾಲು ಇನ್ನೂ ಮಿಷನ್ನಿಗೆ ಎಟುಕುವುದಿಲ್ಲ. ಎಟುಕುವ ಮೊದಲು ದೂರು ಬರೆದುಕೊಳ್ಳಿ.

ಇಂತಿ,
ಎರಡೂ ಬೆಂಚಿಗೆ ಸಲ್ಲುವ
ಒಬ್ಬ ಅತ್ತೆ