ನಾನಿಲ್ಲಿ ಎಷ್ಟನೆಯವನು

ಸ್ಕಿಪ್ಟನ್, ಯಾರ್ಕ್‌ಷೈರ್
9 ನವೆಂಬರ್ 1994

ಪ್ರೀತಿಯ ಹಿಲರಿ,

ನೀನೂ ಮಕ್ಕಳೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಸೆಪ್ಟೆಂಬರಿನ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ಹಿಂದೆಯೂ ಬರೆಯಲು ಕೂತಿದ್ದೆ. 'ಅಪ್ಪ ಚೆನ್ನಾಗಿದ್ದಾರೆ' ಎಂಬ ಸಾಲಿಗೆ ಬರುವಷ್ಟರಲ್ಲಿ ಕೈ ನಿಂತುಬಿಡುತ್ತಿತ್ತು. ಊಟ ಸೇರುತ್ತದೆ, ನಿದ್ದೆ ಬರುತ್ತದೆ, ತಾವು ಬೆಳೆಸಿದ ಲೀಕ್ ಸೊಪ್ಪಿನ ಬಗ್ಗೆ ಜಂಬವೂ ಹಾಗೇ ಇದೆ. ಆದರೂ ಚೆನ್ನಾಗಿಲ್ಲ, ಹಿಲರಿ.

ಹೋದ ತಿಂಗಳು ಒಂದು ಶನಿವಾರ ಕ್ಷೌರಕ್ಕೆ ಹೋಗಿದ್ದರು. ನಾರ್ಮನ್‌ನ ಅಂಗಡಿ ನಿನಗೆ ಗೊತ್ತಲ್ಲ. ಚೀಟಿ ಕೊಡುವುದಿಲ್ಲ, ಹೆಸರು ಕೂಗುವುದಿಲ್ಲ. ಒಳಗೆ ಹೋದವರು ಯಾರ್ಯಾರು ಕೂತಿದ್ದಾರೆಂದು ಒಮ್ಮೆ ಕಣ್ಣಾಡಿಸಿ, ಮನಸ್ಸಿನಲ್ಲೇ ಗುರುತಿಟ್ಟುಕೊಂಡು ಪೇಪರ್ ಹಿಡಿದರಾಯಿತು. ತನ್ನ ಸರದಿ ತಿಳಿಯದ ಗಂಡಸು ಈ ಊರಲ್ಲಿ ಹುಟ್ಟಿಯೇ ಇಲ್ಲ. ಅದರಲ್ಲೂ ನಿನ್ನಪ್ಪ ಅಂಚೆ ಕಚೇರಿಯ ಕೌಂಟರಿನಲ್ಲಿ ಆಯುಸ್ಸು ಸವೆಸಿದವರು, ಸಾಲು ಮುರಿದ ಪಾದ್ರಿಯನ್ನೂ ಮುಲಾಜಿಲ್ಲದೆ ಹಿಂದಕ್ಕೆ ಕಳಿಸಿದವರು.

ಅಂಥವರು ಕೂತ ಸ್ವಲ್ಪ ಹೊತ್ತಿಗೆ ಪಕ್ಕದವನನ್ನು ವಿಚಾರಿಸಿದರಂತೆ. ತಾನು ಎಷ್ಟನೆಯವನು ಎಂದು ಕೇಳಲು ನಮ್ಮ ಇಂಗ್ಲಿಷಿನಲ್ಲಿ ನೆಟ್ಟಗೆ ಒಂದು ಮಾತೂ ಇಲ್ಲ ನೋಡು. ಕೇಳುವ ಅಗತ್ಯವೇ ನಮಗೆ ಬಿದ್ದಿಲ್ಲವೋ ಏನೋ. ಹಾಗಾಗಿ, ನನ್ನ ಮುಂದೆ ಎಷ್ಟು ಜನ, ನಾನು ಮೂರನೆಯವನಾ, ನಾಲ್ಕನೆಯವನಾ, ನನ್ನ ನಂಬರು ಯಾವುದು ಎಂದು ಸುತ್ತಿ ಬಳಸಿ ತಡವರಿಸಿದರಂತೆ. ತಮಾಷೆ ಮಾಡುತ್ತಿದ್ದಾರೆಂದುಕೊಂಡು ಯಾರೋ, "ನೀನು ಯಾವಾಗ್ಲೂ ಮೊದಲನೆಯವನೇ ಬಿಡಪ್ಪ" ಅಂದನಂತೆ. ಇವರು ಥ್ಯಾಂಕ್ಸ್ ಹೇಳಿ, ಎದ್ದು ಹೋಗಿ, ಕ್ಷೌರದ ಕುರ್ಚಿಯಲ್ಲಿ ಕೂತೇಬಿಟ್ಟರು.

ಎಲ್ಲರೂ ಪೇಪರಿನಲ್ಲಿ ಮುಖ ಹುದುಗಿಸಿದರು, ನಾರ್ಮನ್ ಬಟ್ಟೆ ಹೊದಿಸಿ ಕತ್ತರಿ ಆಡಿಸಿದ. ಸಂಜೆ ಅವನೇ ನಮ್ಮ ಮನೆಗೆ ಬಂದು ಬಾಗಿಲಲ್ಲೇ ನಿಂತು ಹೇಳಿದ: "ಯಾರಾದ್ರೂ ಒಬ್ರು ಬೈದಿದ್ರೆ ನಾನು ಬರ್ತಾನೇ ಇರ್ಲಿಲ್ಲ, ಎನಿಡ್. ಎಲ್ರೂ ಸುಮ್ನಾಗ್ಬಿಟ್ರು. ಅದಕ್ಕೇ ಭಯ ಆಯ್ತು." ಚಹಾಕ್ಕೆ ಒಳಗೆ ಕರೆಯುವುದೂ ನನಗೆ ಹೊಳೆಯಲಿಲ್ಲ.

ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಹೊಸಬರು, ಹಾಲೆಂಡಿನವರು. ಹುಟ್ಟಿದ ಮನೆಯಲ್ಲಿ ಇವರು ಎಷ್ಟನೆಯ ಮಗ ಎಂದು ಕೇಳಲು ಹೋಗಿ ಆತನೂ ತಡವರಿಸಿದರು. ನಮ್ಮ ಕಡೆ ಇದಕ್ಕೆ ಒಂದೇ ಪದ ಸಾಕು ಎಂದು ನಕ್ಕರು. ನಿನ್ನಪ್ಪನೂ ನಕ್ಕರು, ಉತ್ತರ ಮಾತ್ರ ಹೇಳಲಿಲ್ಲ.

ಮುಂದಿನ ಗುರುವಾರ ಲೀಡ್ಸಿನ ದೊಡ್ಡ ಆಸ್ಪತ್ರೆಯಲ್ಲಿ ಪರೀಕ್ಷೆ ಇದೆ. ಇವರನ್ನು ಮೊದಲಿನಿಂದ ಬಲ್ಲವರು ಜೊತೆಗಿದ್ದರೆ ಒಳ್ಳೆಯದಂತೆ. ನಾನು ತಡವಾಗಿ ಬಂದವಳು. ನಿನ್ನಮ್ಮ ತೀರಿಕೊಂಡು ನಾನು ಆ ಮನೆಗೆ ಕಾಲಿಟ್ಟ ದಿನದಿಂದ ನಿನಗೆ ನಾನು ಬರೀ ಎನಿಡ್. ಅದಕ್ಕೆ ನನ್ನ ದೂರೇನೂ ಇಲ್ಲ. ನೀನಿರುವ ಆಬರ್ಡೀನಿನಿಂದ ಇಲ್ಲಿಗೆ ಹತ್ತಿರದ ಹಾದಿಯಲ್ಲ ಎಂಬುದೂ ಗೊತ್ತು. ಆದರೂ ಬಾ. ಒಬ್ಬಳೇ ಹೋಗಲು ಹೆದರಿಕೆಯಾಗುತ್ತಿದೆ.

ಮಕ್ಕಳಿಗೆ ನನ್ನ ಮುತ್ತು. ದೇವರು ನಿಮ್ಮನ್ನೆಲ್ಲ ತಣ್ಣಗಿಟ್ಟಿರಲಿ.

ಪ್ರೀತಿಯಿಂದ,
ಎನಿಡ್

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ. ಭಾನುವಾರ ಊಟವಾದ ಮೇಲೆ ನಾನು ತಟ್ಟೆ ತೊಳೆದು ಕೊಡುತ್ತಿದ್ದೆ, ಅವರು ಒರೆಸುತ್ತಿದ್ದರು. ಇದ್ದಕ್ಕಿದ್ದಂತೆ, "ನೀನು ನನ್ನ ಮೊದಲನೇ ಹೆಂಡ್ತಿ ಅಲ್ವಾ?" ಅಂದರು. ಅಲ್ಲವೆಂದರೆ ಎಲ್ಲಿ ಕಂಗಾಲಾಗುತ್ತಾರೋ ಎಂದು ಹೂಂ ಅಂದೆ. ಮುಖ ಅರಳಿತು. ಆಮೇಲೆ ಹತ್ತಿರ ಬಂದು, ದನಿ ತಗ್ಗಿಸಿ ಕೇಳಿದರು: "ಹಾಗಾದ್ರೆ ಆ ಎರಡನೆಯವಳು ಎಲ್ಲಿಗೆ ಹೋದ್ಲು? ಒಳ್ಳೇ ಹೆಂಗಸು ಕಣೇ ಅವಳು." ನಾನೇ ಅವಳು ಎನ್ನಲು ನನಗೆ ಬಾಯಿ ಬರಲಿಲ್ಲ. ನೀನು ಬಂದಾಗ ನಿನ್ನನ್ನೂ ಕೇಳಿದರೆ, ಹಿಲರಿ, ನನ್ನ ಕಡೆ ಕೈ ತೋರಿಸು. ನೀನು ಹೇಳಿದರೆ ನಂಬುತ್ತಾರೆ.