ಡಾಕ್ಟರ ಮುಂದೆ ಹೇಳಿದ ಸುಳ್ಳು

ಸಮಾಮಿಶ್
೧೪ ಮೇ ೨೦೧೬

ಪ್ರೀತಿಯ ಪಾರ್ವತೆವ್ವಗೆ ಗೌರಾದೇವಿಯ ನೆನಪುಗಳು.

ಪರದೇಶದ ಮಗನ ಮನೆಗೆ ಬಂದು ಎರಡು ತಿಂಗಳಾದರೂ ಒಂದು ಗೆರೆ ಬರೆಯಲಿಲ್ಲ, ಬೈದುಕೋ. ಗದಗದಲ್ಲಿ ಬಿಸಿಲು ಹೇಗಿದೆ? ಇಲ್ಲಿ ಉಪ್ಪು ತರಬೇಕೆಂದರೂ ಕಾರು ಹತ್ತಬೇಕು, ಹಾಗಾಗಿ ಮನೆಯಲ್ಲೇ ರೊಟ್ಟಿ ಬಡಿಯುತ್ತ ಕೂತಿದ್ದೇನೆ. ಮೊಮ್ಮಗಳು ನಿಕಿತಾ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೂ ರೊಟ್ಟಿಯನ್ನು ಮಾತ್ರ ಬಾಯಿತುಂಬ ತಿನ್ನುತ್ತಾಳೆ.

ಈಗ ನನ್ನ ಸಿಟ್ಟು ಕೇಳು. ಹೋದ ವಾರ ಅವಳನ್ನು ತಪಾಸಣೆಗೆಂದು ಕರ್ಕ್‌ಲ್ಯಾಂಡ್‌ನ ಡಾಕ್ಟರ ಬಳಿ ಕರೆದೊಯ್ದೆವು. ಏಳು ವರ್ಷದ ಹುಡುಗಿಗೆ ಬಿ.ಪಿ. ಹೆಚ್ಚಂತೆ! ಮೂರು ಸಲ ಪಟ್ಟಿ ಕಟ್ಟಿ ನೋಡಿದರು. ಆಮೇಲೆ ಡಾಕ್ಟರು ಏನೋ ಕೇಳಿದರು. ಸೊಸೆ ತ್ರಿವೇಣಿ ನನ್ನ ಕಡೆ ಒಮ್ಮೆ ನೋಡಿ "ನೋ" ಅಂದಳು. ಏನು ಕೇಳಿದರು ಎಂದರೆ, "ಏನಿಲ್ಲ ಅತ್ತಿ, ಸುಮ್ನ ಕೇಳ್ತಾರ" ಎಂದಳು.

ಮೂರು ದಿನದ ಬಳಿಕ ಮಗ ಮಲ್ಲೇಶ ಡಾಕ್ಟರು ಬರೆದದ್ದನ್ನು ಕಂಪ್ಯೂಟರಿನಲ್ಲಿ ಓದಿ ಅವಳ ಮೇಲೆ ಕೂಗಾಡಿದಾಗ ಗೊತ್ತಾಯಿತು. ನಿಕಿತಾ ಐ.ವಿ.ಎಫ್. ಚಿಕಿತ್ಸೆಯಿಂದ ಹುಟ್ಟಿದವಳು. ಡಾಕ್ಟರು ಕೇಳಿದ್ದೂ ಅದನ್ನೇ. ಏಳು ವರ್ಷ ನನ್ನಿಂದ ಮುಚ್ಚಿಟ್ಟರು, ಪಾರ್ವತೆವ್ವ! ನನ್ನದು ಹಾಳಾಗಲಿ, ಮಗುವಿನ ತೋಳು ಹಿಡಿದು ಕೂತ ಡಾಕ್ಟರಿಗೂ ಸುಳ್ಳೇ? ಮೈಯೆಲ್ಲ ಉರಿದುಹೋಯಿತು. ತ್ರಿವೇಣಿಗೆ ಬಾಯಿಗೆ ಬಂದಂತೆ ಬೈದೆ.

ಮರುದಿನ ನಾನೇ ಅವರಿಬ್ಬರ ಬೆನ್ನು ಹತ್ತಿ ಡಾಕ್ಟರ ಬಳಿ ಹೋಗಿ ತ್ರಿವೇಣಿಯಿಂದ ನಿಜ ಹೇಳಿಸಿದೆ. ಇಂಥ ಮಕ್ಕಳಲ್ಲಿ ಹೆಚ್ಚಿನವರು ಚೆನ್ನಾಗಿಯೇ ಇದ್ದಾರಂತೆ. ಕೆಲವರಲ್ಲಿ ಬಿ.ಪಿ. ತುಸು ಹೆಚ್ಚು ಕಂಡಿದೆಯಂತೆ, ನಿಕಿತಾಳದ್ದು ಅದರಿಂದಲೇ ಎಂದು ಹೇಳಲಾಗದಂತೆ. "ವರ್ಷ ವರ್ಷ ನೋಡೋಣ, ಆದರೆ ನನಗೆ ಗೊತ್ತಿರಬೇಕಿತ್ತು" ಎಂದು ಡಾಕ್ಟರು ಅಂದದ್ದನ್ನು ಮಲ್ಲೇಶ ಬಿಡಿಸಿ ಹೇಳಿದ. ಮಗುವಿಗೆ ಉಪ್ಪು ಕಡಿಮೆ ಮಾಡಬೇಕಂತೆ, ನಾನು ತಂದಿದ್ದ ಉಪ್ಪಿನಕಾಯಿ ಭರಣಿ ಮೇಲಿನ ಕಪಾಟು ಸೇರಿದೆ.

ನಿನ್ನ ಮನೆಯ ಮಕ್ಕಳುಮರಿಗಳೆಲ್ಲ ನೂರು ವರ್ಷ ತಣ್ಣಗಿರಲಿ.

ನಿನ್ನ ಗೆಳತಿ,
ಗೌರಾದೇವಿ

ತಾ.ಕ.: ಇದನ್ನು ಬರೆಯದೆ ಲಕೋಟೆ ಅಂಟಿಸಲು ಕೈ ಬರಲಿಲ್ಲ. ಡಾಕ್ಟರ ಬಳಿಯಿಂದ ವಾಪಸ್ಸು ಬರುವಾಗ ಕಾರಿನಲ್ಲಿ, "ನನ್ನ ಮುಂದ ಹೇಳಾಕ ಏನ್ ಧಾಡಿ ಆಗಿತ್ತು?" ಎಂದು ಕೇಳಿದೆ. ತ್ರಿವೇಣಿ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದಳು: "ಪಾರ್ವತೆವ್ವನವರ ಮೊಮ್ಮಗನ್ನ ತೊಟ್ಟಲದಾಗ ಹಾಕಿದ ದಿನ ನೀವು ಏನಂದ್ರಿ ನೆನಪೈತೇನ್ರಿ, ಅತ್ತಿ? ನಾ ಬಾಜೂಕ ನಿಂತಿದ್ದೆ. ನಿಕಿತಾ ನನ್ನ ಹೊಟ್ಟ್ಯಾಗಿದ್ಲು."

ನೆನಪಿದೆ. ನೀನು ಕೊಡಬಂದರೂ ನಾನು ತನ್ಮಯನನ್ನು ಎತ್ತಿಕೊಳ್ಳಲಿಲ್ಲ. "ಸೂಜಿ ಚುಚ್ಚಿಸಿ ತಂದ ಕೂಸು, ಎಷ್ಟು ದಿನ ಬಾಳ್ತದೋ" ಅಂದಿದ್ದೆ. ನೀನು ಅದನ್ನು ಕೇಳಿಸಿಕೊಂಡೂ ನನ್ನ ಎಲೆಗೆ ಎರಡನೇ ಹೋಳಿಗೆ ಬಡಿಸಿದೆ.

ಕೇಳಲು ಮುಖವಿಲ್ಲ. ತನ್ಮಯ ಹೇಗಿದ್ದಾನೆ? ಅವನ ಬಿ.ಪಿ.ಯನ್ನೂ ಒಮ್ಮೆ ನೋಡಿಸು.