ಬೂಟಿನ ಅಳತೆ

ಮನೆಯ ಮುಂದಿನ ಕೋಣೆ, ಅಂದರೆ ನಿನ್ನ ಆಫೀಸು
ಮಾರ್ಚ್ ೯, ಭಾನುವಾರ ಬೆಳಿಗ್ಗೆ

ಪ್ರೀತಿಯ ತಮ್ಮಾ,

ಗಂಟಲು ಈಗ ಹೇಗಿದೆ? ಮೊನ್ನೆ ಟೀವಿಯಲ್ಲಿ ನಿನ್ನ ಮಾತು ಕೇಳಿ ಅಮ್ಮ, "ಇವನೇನು ಸದನದಲ್ಲಿ ಮಾತಾಡ್ತಾನೋ ತರಕಾರಿ ಕೂಗ್ತಾನೋ" ಅಂದಳು. ಬಿಸಿನೀರು ಕುಡಿ, ಐಸ್‌ಕ್ರೀಮ್ ಮುಟ್ಟಬೇಡ. ಅವಳ ಮಂಡಿನೋವು ಹಾಗೇ ಇದೆ, ನಾಲಿಗೆ ಮಾತ್ರ ದಿನದಿನಕ್ಕೆ ಚುರುಕಾಗುತ್ತಿದೆ. ಫೋನು ಬಿಟ್ಟು ಕಾಗದ ಯಾಕೆ ಅಂತೀಯಾ? ಫೋನು ಮಾಡಿದಾಗಲೆಲ್ಲ ನಿನ್ನ ಪಿ.ಎ. ಎತ್ತುತ್ತಾನೆ. "ಸಾಹೇಬ್ರು ಮೀಟಿಂಗಲ್ಲಿದಾರೆ ಅಕ್ಕಾ." ಯಾವ ಮೀಟಿಂಗೋ, ಮುಗಿಯುವ ಲಕ್ಷಣವೇ ಇಲ್ಲ. ಡ್ರೈವರ್ ಇವತ್ತು ಜೀಪು ತೆಗೆದುಕೊಂಡು ನಿನ್ನ ಹತ್ತಿರ ಬರುತ್ತಿದ್ದಾನೆ. ಇದನ್ನು ನಿನ್ನ ಕೈಗೇ ಕೊಡಬೇಕೆಂದು ಹೇಳಿದ್ದೇನೆ.

ಶಾಸಕರ ಆಫೀಸಿನ ಪರಿಸ್ಥಿತಿ ಕೇಳು. ಮೊದಲು ಚರಂಡಿ, ಬೀದಿದೀಪ, ಪಿಂಚಣಿ ಅಂತ ಅಷ್ಟೋ ಇಷ್ಟೋ ಜನ ಬರುತ್ತಿದ್ದರು. ಈಗ ನಾನು ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ತುಂಬ ಕೂತಿರುತ್ತಾರೆ. ಎಲ್ಲರದೂ ಒಂದೇ ಪ್ರಶ್ನೆ: "ಅಕ್ಕಾ, ಬುಧವಾರ ಮಸೂದೆ ಪಾಸಾಗುತ್ತಲ್ವಾ? ಪಾಸಾದ್ರೆ ಕಾರ್ಖಾನೆ ಬರುತ್ತಂತೆ." ಮಸೂದೆಯಲ್ಲಿ ಏನಿದೆ ಅಂದರೆ ಒಬ್ಬರಿಗೂ ಗೊತ್ತಿಲ್ಲ. ನಾನು ಓದಿದ್ದೇನೆ, ನನ್ನನ್ನು ಇಂಗ್ಲಿಷ್ ಶಾಲೆಗೆ ಹಾಕಿದ್ದಕ್ಕೆ ಅಪ್ಪನಿಗೆ ಇದಾದರೂ ಲಾಭ. ಅದು ಪಾಸಾದರೆ ಕಾರ್ಖಾನೆಯವರು ದಿನಕ್ಕೆ ಹನ್ನೆರಡು ಗಂಟೆ ದುಡಿಸಿಕೊಳ್ಳಬಹುದು, ಎಷ್ಟು ವರ್ಷ ದುಡಿದರೂ ಯಾರನ್ನೂ ಖಾಯಂ ಮಾಡಬೇಕಾಗಿಲ್ಲ. ಇದನ್ನು ಬಿಡಿಸಿ ಹೇಳಿದರೆ, "ಮೊದ್ಲು ಕೆಲಸ ಬರ್ಲಿ ಬಿಡಿ ಅಕ್ಕಾ, ಮಗು ಹುಟ್ಟೋಕ್ ಮುಂಚೆ ಕುಲಾವಿ ಯಾಕೆ" ಅನ್ನುತ್ತಾರೆ. ಅದು ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ. ಫ್ಯಾನಿನ ಕೆಳಗೆ ಕೂತು ಮಾತಾಡುವ ನನಗೆ ಕೆಲಸದ ಹಸಿವು ಎಷ್ಟು ಗೊತ್ತು? ಈ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. ಹಾಗಂತ ಸುಮ್ಮನಿರಲೂ ಆಗುತ್ತಿಲ್ಲ.

ನೋಡು, ಇಷ್ಟಕ್ಕೂ ಕಾರಣ ಆ ಬೂಟು. ಕಾರ್ಖಾನೆಯ ಕಂಪನಿಯವರು ಶಾಲೆಯ ಮೈದಾನದಲ್ಲಿ ಮೇಜು ಹಾಕಿಕೊಂಡು ಕೂತ ದಿನ ನೀನೂ ಇದ್ದೆ. ಬಂದವರ ಓದು ಕೇಳಲಿಲ್ಲ, ವಯಸ್ಸು ಕೇಳಲಿಲ್ಲ. ಒಬ್ಬೊಬ್ಬರ ಪಾದವನ್ನೂ ರಟ್ಟಿನ ಮೇಲೆ ಇಡಿಸಿ, ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು, ಕೆಲಸಕ್ಕೆ ಹಾಕಿಕೊಳ್ಳುವ ಬೂಟಿನ ಅಳತೆ ತೆಗೆದುಕೊಂಡು ಹೋದರು. ಜನ ಕಾಲು ಉಜ್ಜಿ ತೊಳೆದುಕೊಂಡು ಬಂದಿದ್ದರಪ್ಪಾ, ಹೆಣ್ಣು ನೋಡಲು ಹೊರಟವರ ಹಾಗೆ. ನಿನ್ನ ಜೊತೆ ಓದಿದ ಮೆಕ್ಯಾನಿಕ್, ಊರೆಲ್ಲ ಸ್ಪ್ಯಾನರ್ ಅಂತ ಕರೆಯುವವನು, ಮಗನನ್ನೂ ಕರೆದುಕೊಂಡು ಹೋಗಿ ಇಬ್ಬರ ಅಳತೆಯನ್ನೂ ಕೊಟ್ಟು ಬಂದ. "ಕೆಲಸ ಕೊಡದೋರು ಕಾಲು ಯಾಕೆ ಹಿಡೀತಾರೆ ಅಕ್ಕಾ?" ಅಂದ. ಮರುದಿನವೇ ಗ್ಯಾರೇಜಿನ ಯಜಮಾನನಿಗೆ ಬಿಡುತ್ತೇನೆ ಅಂತ ಹೇಳಿಯೂ ಬಿಟ್ಟ. ಆ ಜಾಗಕ್ಕೆ ಬೇರೆಯವನು ಬಂದಾಯಿತು. ಈಗ ಅಪ್ಪ-ಮಗ ಇಬ್ಬರೂ ನಮ್ಮ ಮೆಟ್ಟಿಲ ಮೇಲೆ.

ಹೋದ ವಾರ ಕಂಪನಿಯ ಮನುಷ್ಯ ಇಲ್ಲಿಗೆ ಬಂದಿದ್ದ. ಬಲು ವಿನಯ. ನಮ್ಮಿಂದ ಏನನ್ನೂ ಕೇಳಲಿಲ್ಲ. "ನಮಗೆ ನಿಮ್ಮೂರಿನ ಮೇಲೇ ಮನಸ್ಸು ಮೇಡಂ. ಮಸೂದೆ ಒಂದು ಆಗಿಬಿಟ್ಟರೆ..." ಅಂತ ಮಾತನ್ನು ಅರ್ಧಕ್ಕೇ ಬಿಟ್ಟು ಎದ್ದ. ಉಳಿದರ್ಧ ಹೇಳಲು ಹೊರಗೆ ಇಷ್ಟು ಜನ ಕೂತಿದ್ದಾರಲ್ಲ! ಅವನು ಹೋದ ಮೇಲೆ ನನಗೆ ಹೊಳೆಯಿತು: ಮಸೂದೆಗಾಗಿ ನಿನ್ನ ಬೆನ್ನು ಹತ್ತುವುದು ಕೂಡ ಒಂದು ಕೆಲಸವೇ, ಸಂಬಳವಿಲ್ಲದ್ದು. ಇದುವರೆಗೆ ಆ ಕಂಪನಿ ನಮ್ಮೂರಿನವರಿಗೆ ಕೊಟ್ಟಿರುವ ಕೆಲಸ ಅದೊಂದೇ.

ಇನ್ನು ಅಸಲು ವಿಷಯಕ್ಕೆ ಬರುತ್ತೇನೆ. ಶುಕ್ರವಾರ ನನ್ನ ಓರಗಿತ್ತಿ ಫೋನು ಮಾಡಿದ್ದಳು. ಅವಳ ಜಂಬ ನಿನಗೆ ಗೊತ್ತಲ್ಲ. ನಾನೂ ಸುಮ್ಮನಿರಲಾರದೆ, ನಮ್ಮೂರಿಗೆ ಕಾರ್ಖಾನೆ ಬರುತ್ತೆ ಅಂದೆ. "ನಿಮ್ಮೂರಿಗಾ? ಬಿಡಕ್ಕಾ, ಅದು ಬರ್ತಿರೋದು ನಮ್ಮೂರಿಗೆ. ಆಗ್ಲೇ ಬೂಟಿನ ಅಳತೆ ತಗೊಂಡು ಹೋಗಿದಾರೆ" ಅಂದಳು. ಒಂದು ಗಳಿಗೆ ಇಬ್ಬರೂ ನಮ್ಮದು ನಮ್ಮದು ಅಂತ ಮಕ್ಕಳ ಹಾಗೆ ಜಗಳವಾಡಿದೆವು. ಆಮೇಲೆ ನನಗೆ ಅನುಮಾನ ಹುಟ್ಟಿತು. ಇನ್ನೊಂದು ಊರಿನಲ್ಲಿರುವ ಗೆಳತಿಯನ್ನು ಕೇಳಿದೆ. ಅಲ್ಲೂ ಅದೇ ರಟ್ಟು, ಅದೇ ಪೆನ್ಸಿಲು, "ನಿಮ್ಮೂರಿನ ಮೇಲೇ ಮನಸ್ಸು" ಅನ್ನುವ ಅದೇ ಮಾತು. ಕಾರ್ಖಾನೆ ಒಂದು, ಊರು ಮೂರು. ಇನ್ನೂ ಎಷ್ಟಿವೆಯೋ. ಓರಗಿತ್ತಿಯ ಊರಿನ ಶಾಸಕ ನಿನ್ನ ವಿರೋಧ ಪಕ್ಷದವನು, ನಿಮ್ಮಿಬ್ಬರದು ಹಾವು-ಮುಂಗುಸಿ ಸಂಬಂಧ. ಆದರೂ ಬುಧವಾರ ಇಬ್ಬರೂ ಒಟ್ಟಿಗೆ ಕೈ ಎತ್ತುತ್ತೀರಂತೆ. ಯಾಕೆ ಅಂತ ಈಗ ಗೊತ್ತಾಯಿತು: ಅವನ ಮೆಟ್ಟಿಲ ಮೇಲೂ ಜನ ಕೂತಿರಬೇಕು.

ಕಾರ್ಖಾನೆ ಬೇಡ ಅಂತ ನಾನು ಹೇಳುತ್ತಿಲ್ಲ. ಬೇಡ ಅನ್ನಲು ನಾನ್ಯಾರು? ಕೈ ಎತ್ತುವ ಮೊದಲು ಎದ್ದು ನಿಂತು, ಯಾವ ಊರಿಗೆ, ಎಷ್ಟು ಜನಕ್ಕೆ ಎಂದು ಗಟ್ಟಿಯಾಗಿ ಕೇಳು. ಉತ್ತರ ಬರದಿದ್ದರೆ ಕೈ ಕೆಳಗಿರಲಿ. ಮುಂದಿನ ಚುನಾವಣೆಯಲ್ಲಿ ಸೋಲುತ್ತೀಯೇನೋ. ಅದನ್ನೂ ಯೋಚಿಸಿದೆ. ಸೋತರೆ ಮನೆಗೆ ಬಾ, ಇದು ನಿನ್ನದೇ ಮನೆ. ಆದರೆ ಏನನ್ನೂ ಕೇಳದೆ ಕೈ ಎತ್ತಿ ಗೆದ್ದು ಬಂದರೆ ಆ ಮೆಟ್ಟಿಲು ಹತ್ತಿ ಒಳಗೆ ಹೇಗೆ ಬರುತ್ತೀಯೋ, ನನಗೆ ತಿಳಿಯದು.

ಹೊತ್ತಿಗೆ ಸರಿಯಾಗಿ ಉಣ್ಣು. ಅಮ್ಮ ನಿನ್ನ ತಲೆ ಸವರಿದಳೆಂದು ತಿಳಿದುಕೋ. ನಿನ್ನನ್ನು ಕೇಳಿದೆ ಅಂತ ಬರೆಯಲು ಭಾವ ಹೇಳಿದರು.

ನಿನ್ನ ಮೇಲೆ ಸಿಟ್ಟಿದ್ದರೂ ನಿನ್ನವಳೇ ಆದ,
ಅಕ್ಕ

ಮರೆತಿದ್ದೆ, ಜೀಪು ಹೊರಡಲು ನಿಂತಿದೆ, ಅವಸರದಲ್ಲಿ ಗೀಚುತ್ತಿದ್ದೇನೆ: ನಿನ್ನೆ ಸ್ಪ್ಯಾನರ್‌ಗೆ ಎಲ್ಲವನ್ನೂ ಹೇಳಿದೆ. ಮೊದಲು ನನ್ನ ಮೇಲೇ ಹಾರಿದ. ಆಮೇಲೆ ನನ್ನ ಫೋನಿನಿಂದಲೇ ಓರಗಿತ್ತಿಯನ್ನು ಕೇಳಿ, ಜೀಪಿನಲ್ಲಿ ಜಾಗ ಇದೆಯಾ ಅಂತ ವಿಚಾರಿಸಿದ. ಅವನೂ ಅವನ ಮಗನೂ ಮೆಟ್ಟಿಲ ಮೇಲಿನ ಇನ್ನೂ ಮೂವರೂ ಇದೇ ಜೀಪಿನಲ್ಲಿ ಬರುತ್ತಿದ್ದಾರೆ. ನೀನು ಇದನ್ನು ಓದುವ ಹೊತ್ತಿಗೆ ಎದುರಿಗೇ ನಿಂತಿರುತ್ತಾರೆ. ಬೇರೆ ಊರುಗಳ ವಿಷಯ ನಿನಗೆ ಗೊತ್ತೇ ಇರಲಿಲ್ಲ ಅಂತ ಅವರಿಗೆ ಹೇಳಿದ್ದೇನೆ. ಹಾಗೆ ಹೇಳುವಾಗ ಸ್ಪ್ಯಾನರ್‌ನ ಕಣ್ಣು ನೋಡಲು ನನಗೆ ಆಗಲಿಲ್ಲ. ಗೊತ್ತಿತ್ತು ಅಂತಾದರೆ, ಅವರ ಮುಖ ನೋಡಿ ನೀನೇ ಹೇಳು.